ದೀಪ ಬಿಚ್ಚಿಟ್ಟ ಮೇಸ್ತ್ರಿ

ಗಾಡಿಗೆ ಹೊಸ ದೀಪ ಹಾಕಿಸಿಕೊಂಡವರು ಯಾರೇ ಆಗಿರಲಿ, ಅವರನ್ನು ಅವರದೇ ದೀಪದ ಎದುರಿಗೆ ಒಮ್ಮೆ ನಿಲ್ಲಿಸದೆ ಆ ಮೇಸ್ತ್ರಿ ಮನೆಗೆ ಕಳಿಸಿದ್ದನ್ನು ನಾನು ಕಾಣೆ. ಕೆಲಸ ಮುಗಿದು, ತಿರುಪು ಬಿಗಿದು, ಗಾಜನ್ನು ಕೋಟಿನ ತೋಳಿನಿಂದಲೇ ಒರೆಸಿ, ಇಂಜಿನ್ ಚಾಲೂ ಮಾಡಿದ ಮೇಲೆ, "ಸ್ವಲ್ಪ ಆ ಕಡೆ ಹೋಗಿ ಈ ಕಡೆ ತಿರುಗಿ ನಿಂತ್ಕೊಳ್ಳಿ" ಎನ್ನುತ್ತಿದ್ದ. ಗಿರಾಕಿ ಇಪ್ಪತ್ತು ಹೆಜ್ಜೆ ನಡೆದು, ಇದೇನು ಫೋಟೋ ತೆಗೆಯುತ್ತಾನೋ ಎಂಬ ಮುಖಮಾಡಿ ತಿರುಗಿದ ಕೂಡಲೇ ದೀಪ ಹೊತ್ತಿಸಿ, ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಿದ್ದ. ಕಣ್ಣು ಕಿವುಚಿ, ಕೈ ಅಡ್ಡ ಹಿಡಿದು, "ಆರಿಸಪ್ಪಾ ಸಾಕು" ಎಂದವರಿಗೆ ಬೆಳಕನ್ನು ಅಷ್ಟು ತಗ್ಗಿಸಿಕೊಡುತ್ತಿದ್ದ. ಉಪದೇಶದ ಒಂದಕ್ಷರವೂ ಅವನ ಬಾಯಿಂದ ಬರುತ್ತಿರಲಿಲ್ಲ. ಎದುರಿನಿಂದ ಬರುವವನ ಕಷ್ಟವೇನೆಂದು ಹೇಳುವುದಕ್ಕಿಂತ, ಐದೆಣಿಸುವಷ್ಟು ಕಾಲ ಆ ಎದುರಿನವನನ್ನಾಗಿ ಮಾಡಿಬಿಡುವುದು ಅವನ ಕ್ರಮ.

ಅವನ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಏಳು ವರ್ಷ ಬಾಡಿಗೆಗಿದ್ದೆ. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಸಂಜೆಯ ಹೊತ್ತಿಗೆ ಅಕ್ಷರಗಳು ಇರುವೆಗಳಂತೆ ಹರಿದಾಡತೊಡಗಿದಾಗ ಕಾಗದಗಳ ಮೇಲೆ ಭಾರವಿಟ್ಟು ಕೆಳಗಿಳಿದು, ಮೆಟ್ಟಿಲ ಕೊನೆಯಲ್ಲಿ ಕೂತು ಅವನ ಕೆಲಸ ನೋಡುತ್ತಿದ್ದೆ. ವಯಸ್ಸಿನಲ್ಲಿ ಅವನು ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು. ನನ್ನನ್ನು 'ಸಾರ್' ಎನ್ನುತ್ತಿದ್ದ, ನನಗೆ ಏಕವಚನದ ಸಲುಗೆಯನ್ನು ಅವನೇ ಕೊಟ್ಟಿದ್ದ. ಊರವರಿಗೆಲ್ಲ ಅವನು 'ದೀಪದ ಮೇಸ್ತ್ರಿ'. ಗಾಡಿಯ ಬೇರೆ ಯಾವ ಅಂಗಕ್ಕೂ ಅವನು ಕೈ ಹಾಕುತ್ತಿರಲಿಲ್ಲ. ಬ್ರೇಕ್ ಸಡಿಲವಾಗಿದೆ ಎಂದು ಬಂದವರನ್ನು ಪಕ್ಕದ ಬೀದಿಗೆ ಅಟ್ಟುತ್ತಿದ್ದ. ಕಂಪನಿಯವರು ಕೊಟ್ಟ ಮಂಕು ಹಳದಿ ಬಲ್ಬನ್ನು ತೆಗೆದು ಅದರ ಜಾಗದಲ್ಲಿ ಬಿಳಿಯ ಎಲ್‌ಇಡಿ ಕೂರಿಸುವುದು, ಹಳೆಯ ತೆಳು ವೈರನ್ನು ಎಳೆದುಹಾಕಿ ದಪ್ಪ ವೈರನ್ನು ಓಡಿಸುವುದು, ಬಲ್ಬಿನ ಹಿಂದೆ ಕನ್ನಡಿಯಂತಿರುವ ಒಳಬಟ್ಟಲು ತುಕ್ಕು ಹಿಡಿದಿದ್ದರೆ ಅದನ್ನು ಬದಲಿಸಿ ಬೆಳಕಿಗೊಂದು ಆಕಾರ ಕೊಡುವುದು, ಇಷ್ಟೇ ಅವನ ಪ್ರಪಂಚ; ಆದರೆ ಆ ಪ್ರಪಂಚಕ್ಕೆ ಅವನೇ ಸಾರ್ವಭೌಮ.

ವರ್ಷದ ಎಲ್ಲ ಋತುಗಳಲ್ಲೂ ಅವನ ಮೈಮೇಲೊಂದು ಖಾಕಿ ಕೋಟು. ಅದಕ್ಕೆ ಹನ್ನೊಂದು ಜೇಬುಗಳು; ನಾಲ್ಕು ದರ್ಜಿ ಕೊಟ್ಟದ್ದು, ಮಿಕ್ಕ ಏಳು ಹೆಂಡತಿಯನ್ನು ಕಾಡಿ ಬೇಡಿ ಹೊಲಿಸಿಕೊಂಡದ್ದು. ಒಂದೊಂದರಲ್ಲೂ ಹಳೆಯ ಕಾಲುಚೀಲದಲ್ಲಿ ಸುತ್ತಿಟ್ಟ ಬಲ್ಬು. ಹೀಗಾಗಿ ಅವನ ನಡಿಗೆಯೇ ಬೇರೆಯಾಗಿತ್ತು. ತುಂಬಿದ ಕೊಡ ಹೊತ್ತವರ ಹಾಗೆ ಸೊಂಟದಿಂದ ಮೇಲಿನ ಭಾಗವನ್ನು ಅಲುಗಿಸದೆ ಕಾಲುಗಳನ್ನಷ್ಟೇ ಮುಂದಕ್ಕೆ ಸರಿಸುತ್ತ ಬರುತ್ತಿದ್ದ. ಕೂರುವಾಗ ಕೋಟಿನ ಅಂಚುಗಳನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, ಕಾವಿಗೆ ಕೂರುವ ಕೋಳಿಯಂತೆ ನಿಧಾನವಾಗಿ ಇಳಿಯುತ್ತಿದ್ದ. "ಮಗಳು ಓಡಿಬಂದು ತಬ್ಬಿಕೊಂಡ್ರೆ, ಬಲ್ಬು ಬಲ್ಬು ಅಂತಾರೆ ಸಾರ್" ಎಂದು ಅವನ ಹೆಂಡತಿ ನನ್ನಲ್ಲಿ ದೂರುತ್ತಿದ್ದಳು. ದೂರಿನ ಇನ್ನೊಂದು ಭಾಗ, ಊರಿಗೆಲ್ಲ ಬೆಳಕು ಹಂಚುವ ಈ ಮನುಷ್ಯ ಮನೆಗೆ ಬಂದೊಡನೆ ಒಂದು ಬಲ್ಬನ್ನಷ್ಟೇ ಬಿಟ್ಟು ಮಿಕ್ಕದ್ದನ್ನೆಲ್ಲ ಆರಿಸುತ್ತಾನೆ ಎಂಬುದು. "ಕಣ್ಣಿಗೆ ರಜ ಬೇಡ್ವಾ" ಎಂಬುದು ಅವನ ಸಮಜಾಯಿಷಿ.

ಮಾತಿನಲ್ಲಿ ಅವನು ಪರಮ ಲೋಭಿ. ಯಾರು ಏನು ಕೇಳಿದರೂ ಮೊದಲ ಉತ್ತರ 'ನೋಡೋಣ'. ನಾಳೆ ಗಾಡಿ ಕೊಡ್ತೀಯಾ? ನೋಡೋಣ. ಮಗಳನ್ನು ಯಾವ ಶಾಲೆಗೆ ಹಾಕ್ತೀಯ? ನೋಡೋಣ. ಊಟ ಆಯ್ತಾ ಎಂದು ಕೇಳಿದರೂ ಒಮ್ಮೊಮ್ಮೆ ಅದೇ ಬಾಯಿತಪ್ಪಿ ಬರುತ್ತಿತ್ತು. ಒಬ್ಬ ಬಟ್ಟೆ ವ್ಯಾಪಾರಿ ತನ್ನ ಹೊಸ ಗಾಡಿಗೆ ಲಾರಿಗೆ ಹಾಕುವಂಥ ದೀಪದ ಪಟ್ಟಿಯನ್ನೇ ತಂದು, ಎದುರಿಗೆ ಬರೋರು ನನ್ನ ಕಂಡು ಪಕ್ಕಕ್ಕೆ ಸರೀಬೇಕು, ಹಾಗೆ ಹಾಕು ಎಂದ. ಮೇಸ್ತ್ರಿ 'ನೋಡೋಣ' ಎಂದು ಹಾಕಿಯೇ ಕೊಟ್ಟ. ಆಮೇಲೆ ಎಂದಿನಂತೆ ನಿಲ್ಲಿಸಿದ. ಐದು ಎಣಿಸುವುದರೊಳಗೆ ವ್ಯಾಪಾರಿ ಪಕ್ಕಕ್ಕೆ ಸರಿಯಲು ಹೋಗಿ ಚರಂಡಿಯಲ್ಲಿ ಒಂದು ಕಾಲು ಇಟ್ಟಿದ್ದ. ದೀಪದ ಪಟ್ಟಿಯನ್ನು ಅಲ್ಲೇ ಬಿಚ್ಚಿಸಿದ; ಚಪ್ಪಲಿ ತೊಳೆಯಲು ನೀರನ್ನು ಮೇಸ್ತ್ರಿಯೇ ತಂದುಕೊಟ್ಟ, ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ.

ಅಂಗಡಿಯ ಎದುರಿಗೆ ಒಂದು ಗೋದಾಮು. ಅದರ ಉದ್ದನೆಯ ಗೋಡೆಯ ಮೇಲೆ ಮೊಳಕಾಲಿಗಿಂತ ತುಸು ಎತ್ತರದಲ್ಲಿ ಮೇಸ್ತ್ರಿ ಒಂದು ನೀಲಿ ಗೆರೆ ಎಳೆದಿದ್ದ. ದೀಪದ ಬೆಳಕಿನ ಮೇಲಂಚು ಆ ಗೆರೆಯನ್ನು ಮುಟ್ಟಬೇಕು, ದಾಟಕೂಡದು. ದಾಟಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮುಟ್ಟದಿದ್ದರೆ ತನಗೇ ರಸ್ತೆ ಕಾಣುವುದಿಲ್ಲ. ಗಿರಾಕಿಯನ್ನು ಗೋಡೆಯ ಬಳಿ ನಿಲ್ಲಿಸಿ, "ಗೆರೆ ಎಲ್ಲಿದೆ, ಬೆಳಕು ಎಲ್ಲಿದೆ" ಎಂದು ಕೇಳುತ್ತ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು ಅವನ ಕೆಲಸದ ಕಡೆಯ ಘಟ್ಟ.

ಇನ್ನು ಅವನ ಮಾವನ ವಿಷಯ. ಹೆಂಡತಿಯ ತಂದೆಯಾದ ಆ ಹಿರಿಯರು ದನಗಳ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯೆಂಬುದು ಸರಕಾರಕ್ಕೆ ಗೊತ್ತಿತ್ತೇ ಹೊರತು ಸುತ್ತಲಿನ ದನಗಳಿಗಾಗಲಿ, ಅವುಗಳ ಒಡೆಯರಿಗಾಗಲಿ ಗೊತ್ತಿರಲಿಲ್ಲ. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಫೋನು ಬಂದರೆ, ಹೊತ್ತು ಯಾವುದೇ ಇರಲಿ, ಚರ್ಮದ ಚೀಲವನ್ನು ಹೆಗಲಿಗೆ ಹಾಕಿ ತಮ್ಮ ಹಳೆಯ ಬೈಕು ಏರಿ ಹೊರಟುಬಿಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲಂತೂ ಅವರನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದೇ ಆ ಕರೆಗಳು. ಮಗಳನ್ನು 'ವೈರು ಸುತ್ತುವವನಿಗೆ' ಕೊಡಲು ಅವರಿಗೆ ಮನಸ್ಸಿರಲಿಲ್ಲ. ಮದುವೆಯಾಗಿ ಹತ್ತು ವರ್ಷ ಅಳಿಯನೊಡನೆ ಅವರಾಡಿದ ಮಾತನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದಿತ್ತು. ಆಮೇಲೆ ಯಾವುದೋ ಒಂದು ದಿನ, ದೂರದ ಹಳ್ಳಿಯ ರೈತನೊಬ್ಬ, "ದೀಪದ ಮೇಸ್ತ್ರಿ ನಿಮ್ಮ ಅಳಿಯನಾ, ನಮ್ಮ ಕಡೆಯೋರೆಲ್ಲ ಅವರ ಹತ್ರಾನೇ ಹೋಗೋದು" ಎಂದನಂತೆ. ಅಂದಿನಿಂದ ಅವರು ಸಂಜೆ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂರತೊಡಗಿದರು. ಗಿರಾಕಿಗಳ ಮುಂದೆ, "ನಮ್ಮ ಅಳಿಯ" ಎನ್ನುವಾಗ ಆ 'ಅ'ಕಾರವನ್ನು ಕೊಂಚ ಎಳೆಯುತ್ತಿದ್ದರು. ಮೇಸ್ತ್ರಿ ಅದನ್ನು ಕೇಳಿಸಿಕೊಳ್ಳದವನಂತೆ ಬಗ್ಗಿ ವೈರು ಕೆರೆಯುತ್ತಿದ್ದ; ಆದರೆ ಅವನ ಕಿವಿಗಳು ಕೆಂಪಾಗುತ್ತಿದ್ದದ್ದು ಮೆಟ್ಟಿಲ ಮೇಲಿದ್ದ ನನಗೆ ಕಾಣುತ್ತಿತ್ತು.

ಹೀಗಿರುವಾಗ ಮಾವ ಒಂದು ಸಂಜೆ, "ನನ್ನ ಗಾಡಿ ದೀಪ ಯಾಕೋ ಮಂಕಾಗಿದೆ ಕಣಯ್ಯ" ಎಂದರು. ಮೇಸ್ತ್ರಿ ಹಳೆಯ ಬಲ್ಬು ತೆಗೆದು ಅದರ ಎರಡರಷ್ಟು ಬೆಳಗುವ ಬಲ್ಬು ಹಾಕಿದ. ಎರಡು ತಿಂಗಳಿಗೆ ಮತ್ತೆ ಬಂದರು: ಹಳ್ಳ ದಿಣ್ಣೆ ಗೊತ್ತಾಗುತ್ತಿಲ್ಲ, ಎದುರಿನ ಗಾಡಿ ಬಂದರೆ ಅದರ ಬೆಳಕು ಒಡೆದು ಹೋಳಾಗಿ ಕಣ್ಣ ತುಂಬ ಚೆಲ್ಲುತ್ತದೆ. ಮೇಸ್ತ್ರಿ ಎಲ್‌ಇಡಿ ಹಾಕಿ, ಗಾಜು ಬದಲಿಸಿ, ಒಳಬಟ್ಟಲನ್ನೂ ಹೊಸದು ಮಾಡಿದ. ಇನ್ನೊಂದು ತಿಂಗಳಿಗೆ ಹ್ಯಾಂಡಲಿನ ಎರಡೂ ಬದಿಗೆ ಪುಟ್ಟ ಎರಡು ದೀಪ ಸೇರಿದವು. ಹಳೆಯ ಬ್ಯಾಟರಿಗೆ ಭಾರವಾಯಿತೆಂದು ಅದೂ ಬದಲಾಯಿತು. ದೀಪದ ಎದುರಿಗೆ ನಿಲ್ಲಿಸಿದಾಗಲೆಲ್ಲ ಮಾವ ಐದೆಣಿಸುವವರೆಗೂ ಹಟದಿಂದ ನಿಂತು, 'ಸಾಲದು' ಎಂದುಬಿಡುತ್ತಿದ್ದರು. ಬೇರೆ ಗಿರಾಕಿಗಳು ಇಷ್ಟು ಕೇಳಿದ್ದರೆ ಮೇಸ್ತ್ರಿ ಯಾವತ್ತೋ 'ನೋಡೋಣ' ಎಂದು ತಳ್ಳಿಹಾಕುತ್ತಿದ್ದ. ಮಾವ ಕೇಳಿದ್ದು, ಮಾವ ತನ್ನ ಕೆಲಸವನ್ನು ನಂಬಿ ಕೇಳಿದ್ದು. ಅವನು ಒಂದೊಂದು ಸಲವೂ ಮದುವೆಮನೆಯ ಕೆಲಸದಂತೆ ಮಾಡಿಕೊಟ್ಟ. ಮನಸ್ಸಿನಲ್ಲಿ ಮಾತ್ರ ಅವನಿಗೆ ಒಗಟು. "ಎಲ್ಲೋ ತಪ್ಪು ಮಾಡ್ತಿದೀನಿ ಸಾರ್. ಇಷ್ಟು ಹಾಕಿದ್ರೂ ಕಾಣಲ್ಲ ಅಂತಾರೆ ಅಂದ್ರೆ" ಎಂದು ಅಪರೂಪಕ್ಕೆ ಎರಡು ವಾಕ್ಯ ಆಡಿದ.

ನಾಲ್ಕನೆಯ ಸಲ ಅವರು ಬಂದದ್ದು ಒಂದು ಮುಸ್ಸಂಜೆ. ಮೇಸ್ತ್ರಿ ದೀಪದ ಹಿಂದೆ ಕುಕ್ಕರಗಾಲಲ್ಲಿ ಕೂತು, ತಿರುಪುಳಿ ಹಿಡಿದು, ತಲೆಯೆತ್ತದೆ ಅಭ್ಯಾಸಬಲದಿಂದ ಕೇಳಿದ:

"ಮಾವ, ಗೆರೆ ಎಲ್ಲಿದೆ, ಬೆಳಕು ಎಲ್ಲಿದೆ?"

ಮಾವ ಗೋಡೆಯ ಬಳಿ ಬಗ್ಗಿ, ತಲೆಯನ್ನು ಅತ್ತಿತ್ತ ವಾಲಿಸಿ, ಪರಿಣತರ ಗತ್ತಿನಲ್ಲಿ ಹೇಳಿದರು: "ಗೆರೆಗಿಂತ ಒಂಚೂರು ಮೇಲಿದೆ. ಅರ್ಧ ಇಂಚು ಇಳಿಸು."

ಮೇಸ್ತ್ರಿ ತಲೆಯೆತ್ತಿ ನೋಡಿದ. ನಾನೂ ಮೆಟ್ಟಿಲಿಂದ ನೋಡಿದೆ. ಅಂದು ಬೆಳಗ್ಗೆ ಗೋದಾಮಿನವರು ಗೋಡೆಗೆ ಸುಣ್ಣ ಬಳಿಸಿದ್ದರು. ಹಾಲಿನಂಥ ಬಿಳುಪಿನ ಮೇಲೆ ಬೆಳಕು ಕೊಳದಂತೆ ನಿಂತಿತ್ತು. ಗೆರೆಯೆಂಬುದು ಎಲ್ಲೂ ಇರಲಿಲ್ಲ.

ಮೇಸ್ತ್ರಿ ತಿರುಪುಳಿಯನ್ನು ಸುಮ್ಮನೆ ಅಲ್ಲಾಡಿಸಿ, "ಇಳಿಸಿದೀನಿ ಮಾವ" ಎಂದ.

"ಈಗ ಸರಿಹೋಯ್ತು ನೋಡು" ಎಂದರು ಅವರು, ತೃಪ್ತಿಯಿಂದ.

ಆ ರಾತ್ರಿ ಮನೆಯಲ್ಲಿ ಗಂಡಹೆಂಡಿರ ನಡುವೆ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ನೀನು ಮಗಳು, ಕಣ್ಣಿನ ವಿಷಯ ನೀನು ಹೇಳು ಎಂದು ಇವನು. ನಾನು ಹೇಳಿ ಸೋತಿದೀನಿ, ನೀವು ಹೇಳಿ ಎಂದು ಅವಳು. ಅವಳಿಗೆ ಅನುಮಾನ ಹಿಂದೆಯೇ ಬಂದಿತ್ತು. ವೈದ್ಯರಿಗೆ ಕಣ್ಣು ತೋರಿಸಪ್ಪ ಎಂದದ್ದಕ್ಕೆ ಅವರು ಸೂಜಿಗೆ ದಾರ ಪೋಣಿಸಿ ತೋರಿಸಿದ್ದರು. ಬೆರಳಿನ ಅಂದಾಜಿನಲ್ಲೇ ಪೋಣಿಸಿದ್ದೆಂದು ಅವಳಿಗೂ ಗೊತ್ತು. ಸೊಕ್ಕು ಎಂದರೆ ಸೊಕ್ಕು, ಆದರೆ ಅದರ ಬುಡದಲ್ಲಿದ್ದದ್ದು ಭಯ. ಬಹಳ ಹಿಂದೆ ಅವರ ಅಣ್ಣನೊಬ್ಬರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಇದ್ದಬದ್ದ ದೃಷ್ಟಿಯನ್ನೂ ಕಳೆದುಕೊಂಡು, ಮಿಕ್ಕ ಆಯುಷ್ಯವನ್ನೆಲ್ಲ ಒಂದು ಕುರ್ಚಿಯಲ್ಲಿ ಕಳೆದಿದ್ದರು. ಆ ಅಣ್ಣನಿಗೆ ತುತ್ತು ಕೊಟ್ಟವರು ಇವರೇ.

ಮಾತು ಬಾರದವನು ತನಗೆ ಬರುವುದನ್ನು ಮಾಡಿದ. ಮರುದಿನ ಮಾವನ ಮನೆಗೆ ಹೋಗಿ, ದೀಪವನ್ನೊಮ್ಮೆ ನೋಡುತ್ತೇನೆ ಎಂದು ಹೇಳಿ, ಬಲ್ಬನ್ನು ಬಿಚ್ಚಿ, ಕಾಲುಚೀಲದಲ್ಲಿ ಸುತ್ತಿ, ಕೋಟಿನ ಒಳಜೇಬಿಗೆ ಸೇರಿಸಿದ. ಪಕ್ಕದ ಎರಡು ದೀಪಗಳನ್ನೂ ಕಳಚಿದ. "ಹೋಲ್ಡರ್ ಸುಟ್ಟುಹೋಗಿದೆ ಮಾವ. ಈ ಗಾಡಿದು ಈಗ ಸಿಗೋದು ಕಷ್ಟ. ತರಿಸ್ತೀನಿ. ಅಲ್ಲೀವರೆಗೂ ಕತ್ತಲಲ್ಲಿ ಕರೆ ಬಂದ್ರೆ ನನಗೆ ಫೋನ್ ಮಾಡಿ, ನಾನು ಬಿಡ್ತೀನಿ." ಅವನು ಒಂದೇ ಉಸುರಿಗೆ ಇಷ್ಟು ಮಾತಾಡಿದ್ದಕ್ಕೇ ಮಾವನಿಗೆ ಸಂಶಯ ಬರಬೇಕಿತ್ತು.

ಚಳಿಗಾಲವಿಡೀ ಹಾಗೆ ನಡೆಯಿತು. ಸಂಜೆ ಫೋನು ಬಂದರೆ ಅಂಗಡಿಯ ಬಾಗಿಲೆಳೆದು, ಕಾದು ನಿಂತ ಗಿರಾಕಿಗಳಿಗೆ ನಾಳೆ ಬನ್ನಿ ಎಂದು, ತನ್ನ ಗಾಡಿಯ ಹಿಂದೆ ಮಾವನನ್ನು ಕೂರಿಸಿಕೊಂಡು ಹೊರಡುತ್ತಿದ್ದ. ನಡುವೆ ಚರ್ಮದ ಚೀಲ. ಒಮ್ಮೆ ಕೊಟ್ಟಿಗೆಯೊಂದರಲ್ಲಿ ಇವನನ್ನೇ ಟಾರ್ಚು ಹಿಡಿಯಲು ನಿಲ್ಲಿಸಿದರು. ಕರುವಿನ ಕಾಲು ಮಡಿಚಿಕೊಂಡಿತ್ತು. ಮಾವ ಅಂಗಿ ಬಿಚ್ಚಿ, ಭುಜದವರೆಗೆ ಎಣ್ಣೆ ಹಚ್ಚಿ, ಹಸುವಿನೊಳಗೆ ಕೈಯಿಟ್ಟು, ಮುಖವನ್ನು ಅದರ ಪಕ್ಕೆಗೆ ಆನಿಸಿ ಕಣ್ಣು ಮುಚ್ಚಿಕೊಂಡುಬಿಟ್ಟರು. "ಟಾರ್ಚು ಯಾಕೆ ಹಿಡಿದಿದೀನಿ ಅಂತಾನೇ ಮರೆತುಹೋಯ್ತು ಸಾರ್" ಎಂದು ಮೇಸ್ತ್ರಿ ಮರುದಿನ ನನಗೆ ಹೇಳಿದ. "ಬೆರಳಲ್ಲೇ ಎಲ್ಲಾ ಕಾಣ್ತಿತ್ತು ಅವರಿಗೆ. ನನ್ನ ಕೆಲಸ ಏನೂ ಇರಲಿಲ್ಲ." ಹಾಗೆನ್ನುವಾಗ ಅವನ ದನಿಯಲ್ಲಿದ್ದದ್ದು ಕರುವಿನ ಜನನದ ಸಂತೋಷವೋ, ಇಂಥ ಕೈಗಳಿರುವವರಿಗೆ ಮೋಸಮಾಡುತ್ತಿದ್ದೇನೆಂಬ ಸಂಕಟವೋ, ನನಗೆ ಬಿಡಿಸಿ ಹೇಳಲಾಗದು.

ಮೋಸದ ಬೆಲೆಯನ್ನು ಅವನು ದಿನದಿನವೂ ತೆರುತ್ತಿದ್ದ. 'ನಮ್ಮ ಅಳಿಯ' ಎಂಬ ಮಾತು ಎರಡನೆಯ ತಿಂಗಳಿಗೇ ನಿಂತುಹೋಯಿತು. ಮಾವ ಸ್ಟೂಲಿನ ಮೇಲೆ ಕೂತು ಬಂದವರಿಗೆಲ್ಲ, "ಊರಿಗೆಲ್ಲ ದೀಪ ಹಾಕ್ತಾನಂತೆ. ನನ್ನ ಗಾಡಿಗೊಂದು ಹೋಲ್ಡರ್ ತರೋಕೆ ಇವನ ಕೈಲಿ ಆಗ್ಲಿಲ್ಲ" ಎಂದು ಹೇಳತೊಡಗಿದರು. ಮುಂದಿನ ದೀಪ ಕಳಚಿದ ಆ ಹಳೆಯ ಬೈಕನ್ನು ಬೇಕೆಂದೇ ಅಂಗಡಿಯ ಬಾಗಿಲಲ್ಲಿ ತಂದು ನಿಲ್ಲಿಸುತ್ತಿದ್ದರು. ಹೊಸ ಗಿರಾಕಿಗಳು ಅದನ್ನೊಮ್ಮೆ, ಮೇಸ್ತ್ರಿಯನ್ನೊಮ್ಮೆ ನೋಡಿ, ಇನ್ನೊಮ್ಮೆ ಬರ್ತೀವಿ ಎಂದು ಹೊರಟದ್ದೂ ಉಂಟು. ಹತ್ತು ವರ್ಷ ಕಾದು ಪಡೆದ ಮರ್ಯಾದೆ ಹೀಗೆ ಕಣ್ಣೆದುರೇ ಸವೆಯುತ್ತಿದ್ದರೂ ಅವನು, "ನೋಡೋಣ ಮಾವ, ಈ ವಾರ ಬರಬಹುದು" ಎನ್ನುತ್ತಿದ್ದ. ಹೇಳಿಬಿಡಬಾರದೇ ಮಾರಾಯ ಎಂದು ನಾನೊಮ್ಮೆ ರೇಗಿದೆ. "ಹೇಳಿದ್ರೆ ನಾಳೆಯಿಂದ ಹಗಲೂ ಗಾಡಿ ತೆಗೆಯಲ್ಲ ಸಾರ್. ಕುರ್ಚೀಲಿ ಕೂತುಬಿಡ್ತಾರೆ" ಎಂದ.

ಕೊನೆಗೆ ಮಾವನೇ ಒಂದು ಮಧ್ಯಾಹ್ನ ನಡೆದುಕೊಂಡು ಬಿಡಿಭಾಗಗಳ ಅಂಗಡಿಗೆ ಹೋದರು. ಅಂಗಡಿಯವನು, "ಈ ಹೋಲ್ಡರಾ? ಡಬ್ಬಿ ತುಂಬ ಬಿದ್ದಿದೆ. ನಿಮ್ಮ ಅಳಿಯಂದಿರು ಇಲ್ಲೇ ತಗೋತಾರಲ್ಲ" ಎಂದು ಒಂದನ್ನು ಕೈಗಿಟ್ಟ. ಅವರು ನೇರವಾಗಿ ಮೇಸ್ತ್ರಿಯ ಅಂಗಡಿಗೆ ಬಂದು, ಗಿರಾಕಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ಅದನ್ನು ಮೇಜಿನ ಮೇಲಿಟ್ಟರು. ನಾನು ಮೆಟ್ಟಿಲ ಮೇಲಿದ್ದದ್ದು ಅವರಿಗೆ ಕಾಣಲಿಲ್ಲ. ಏಳುವುದಕ್ಕೆ ನನಗೂ ತೋಚಲಿಲ್ಲ.

"ಸಿಗಲ್ಲ ಅಂದೆಯಲ್ಲ" ಎಂದರು.

ಮೇಸ್ತ್ರಿ ಹೋಲ್ಡರನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟ.

"ನನ್ನ ಮೇಲೆ ಏನು ಹಗೆ ಇತ್ತಪ್ಪ ನಿನಗೆ? ಆವಾಗ ಮಗಳನ್ನ ಕೊಡಲ್ಲ ಅಂದಿದ್ದಕ್ಕಾ?"

"ಮಾವ," ಎಂದ ಮೇಸ್ತ್ರಿ. "ಅವತ್ತು ಗೋಡೆಗೆ ಸುಣ್ಣ ಬಳಿದಿದ್ರು ಮಾವ. ಗೆರೆ ಇರಲಿಲ್ಲ."

ಹಿರಿಯರು ಗೋಡೆಯ ಕಡೆ ತಿರುಗಿದರು. ಈಗ ಅಲ್ಲಿ ಹೊಸ ಗೆರೆಯಿತ್ತು. ಹಗಲಿನಲ್ಲೂ ಅದು ಅವರಿಗೆ ಕಂಡಿತೋ ಇಲ್ಲವೋ. ಸ್ಟೂಲನ್ನು ಕೈಯಿಂದ ತಡವಿ ಕೂತರು.

"ಅರ್ಧ ಇಂಚು ಇಳಿಸು ಅಂದಿದ್ದೆ, ಅಲ್ವಾ" ಎಂದರು.

"ಹೂಂ."

"ಮೂರು ತಿಂಗಳು ನನ್ನ ಕೈಲಿ ಬೈಸ್ಕೊಂಡೆಯಲ್ಲೋ."

"ಬೈಗುಳಕ್ಕೇನು ಮಾವ."

"ನಮ್ಮಣ್ಣನ ಹಾಗಾದ್ರೆ?"

ಈ ಪ್ರಶ್ನೆಗೆ ಉತ್ತರ ಗೊತ್ತಿದೆಯೆಂದು ನಟಿಸುವವನಾಗಿದ್ದರೆ ಅವನು ಆ ಮೇಸ್ತ್ರಿಯೇ ಆಗಿರುತ್ತಿರಲಿಲ್ಲ. "ನಾನೂ ಜೊತೆಗೆ ಬರ್ತೀನಿ. ನೋಡೋಣ" ಎಂದ. ಸಾವಿರ ಸಲ ಕೇಳಿದ್ದ ಆ ಪದ ಅಂದು ಮಾತ್ರ ನನ್ನ ಕಿವಿಗೆ ಹೊಸದಾಗಿ ಬಿತ್ತು. ಮಾವನ ಕಿವಿಗೂ ಬಿದ್ದಿರಬೇಕು, ಹೆಗಲ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಅವರು ಸಣ್ಣಗೆ ನಕ್ಕರು.

ಎರಡೂ ಕಣ್ಣಿಗೂ ಪೊರೆ ಬಂದು ಬಲಿತಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಮೇಸ್ತ್ರಿ ಕೋಟು ಹಾಕಿಕೊಂಡೇ ಕೂತಿದ್ದ. ಒಳಗೆ ಬಿಡುವ ಮುಂಚೆ ಕಾವಲುಗಾರ ಹನ್ನೊಂದು ಜೇಬುಗಳಿಂದ ಬಲ್ಬುಗಳನ್ನು ಒಂದೊಂದಾಗಿ ತೆಗೆಸಿ ನೋಡಿದ ಕಥೆಯನ್ನು ಅವನ ಹೆಂಡತಿ ಇವತ್ತಿಗೂ ಹೇಳಿ ನಗುತ್ತಾಳೆ. ಆಪರೇಷನ್ ಆದ ಮೇಲೆ ಬಲಗಣ್ಣು ಸಂಪೂರ್ಣ ಗುಣವಾಯಿತು. ಎಡಗಣ್ಣಿನಲ್ಲಿ ಬೇರೊಂದು ಹಳೆಯ ತೊಂದರೆಯಿತ್ತು, ಅದು ಅರೆಬರೆಯಾಗಿಯೇ ಉಳಿಯಿತು. ಹಗಲು ಧಾರಾಳವಾಗಿ ಗಾಡಿ ಓಡಿಸಿ, ಕತ್ತಲಲ್ಲಿ ನಿಧಾನ ಎಂದರು ವೈದ್ಯರು.

ಐದು ವಾರ ಕಳೆದು ಒಂದು ಸಂಜೆ ಮಾವ ಬೈಕು ತಳ್ಳಿಕೊಂಡು ಬಂದರು. ಮೇಸ್ತ್ರಿ ಒಳಜೇಬಿನಿಂದ ಬಲ್ಬು ತೆಗೆದು, ಎಲ್ಲವನ್ನೂ ಮೊದಲಿದ್ದಂತೆಯೇ ಕೂರಿಸಿ, ನಿಯಮದಂತೆ ಅವರನ್ನು ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ ಮೂರೂ ದೀಪ ಹೊತ್ತಿಸಿದ. ಎರಡು ಎಣಿಸುವುದರೊಳಗೆ ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಏನೋ ಇದು, ಸೂರ್ಯನ್ನೇ ತಂದು ಕಟ್ಟಿದೀಯ. ಎದುರಿಗೆ ಬರೋರು ಏನಾಗ್ಬೇಕು?"

"ನೀವೇ ಕೇಳಿ ಹಾಕಿಸ್ಕೊಂಡಿದ್ದು ಮಾವ."

"ಕೇಳಿದ್ರೆ ಹಾಕಿಬಿಡೋದಾ? ಬಿಚ್ಚು, ಬಿಚ್ಚು. ಮೊದಲಿಂದೇ ಹಾಕು."

ಕಂಪನಿಯ ಹಳದಿ ಬಲ್ಬು ಮತ್ತೆ ಬಂದು ಕೂತಿತು. ಗೋಡೆಯ ಮೇಲೆ ಅದರ ಬೆಳಕು ಬಿದ್ದಾಗ ಮಾವ ಬಗ್ಗಿ, ಬಹಳ ಹೊತ್ತು ನೋಡಿ, ಗೆರೆಯ ಮೇಲೆ ಬೆರಳೆಳೆದು, "ಸರಿಯಾಗಿದೆ" ಎಂದರು. ಗಾಡಿ ಏರಿ ಕೂತರು. ಕ್ಷಮೆ ಕೇಳುವುದು ಅವರಿಗೂ ಬಾರದ ವಿದ್ಯೆ. "ನಾಳೆ ಸಂಜೆ ಒಂದು ಕರೆ ಇದೆ" ಎಂದರು. "ಗಾಡಿ ಇದೆ, ಕಣ್ಣೂ ಇದೆ. ಆದ್ರೂ ನೀನು ಬಾ. ಟಾರ್ಚು ಹಿಡಿಯೋಕೆ ಮನೆಯೋರು ಅಂತ ಒಬ್ಬರು ಬೇಕು." ಮೇಸ್ತ್ರಿ ಬಗ್ಗಿ ಉಪಕರಣಗಳನ್ನು ಜೋಡಿಸುತ್ತಿದ್ದ. ಕಿವಿ ಮಾತ್ರ ಕೆಂಪಗೆ ಹೊಳೆಯುತ್ತಿತ್ತು.

ಆ ಕೋಣೆಯನ್ನು ಬಿಟ್ಟು ಈಗ ಎಷ್ಟೋ ವರ್ಷವಾಯಿತು. ಇಂಥ ಜನ ಅಲ್ಲಲ್ಲಿ ಇರುತ್ತಾರೆಂದು ಆಮೇಲೆ ನನಗೆ ಅರಿವಾಗುತ್ತ ಬಂದಿದೆ. ಮಮತೆಯನ್ನು ನುಡಿಯಲ್ಲಿ ಹೇಳಲು ಬಾರದ ಇವರು ಅದನ್ನು ತಮ್ಮ ಕಸುಬಿನಲ್ಲಿ ಅಡಗಿಸಿ ಇಡುತ್ತಾರೆ. ಒಮ್ಮೊಮ್ಮೆ ಕಸುಬನ್ನೇ ಕೆಡಿಸಿಕೊಂಡು ಇಡುತ್ತಾರೆ. ಹೊರಗಿನಿಂದ ನೋಡುವವರಿಗೆ ಅದು ಆಲಸ್ಯದಂತೆ, ಕೈಲಾಗದತನದಂತೆ, ಕೆಲವೊಮ್ಮೆ ಹಗೆಯಂತೆ ಕಾಣುತ್ತದೆ. ಅವರ ಮನೆಯವರು ಅವರನ್ನು ಬೈಯುತ್ತಲೇ ಇರುತ್ತಾರೆ, ಅವರೂ ಬೈಸಿಕೊಳ್ಳುತ್ತಲೇ ಇರುತ್ತಾರೆ, ಲೋಕದ ಕೆಲಸ ಹೇಗೋ ಸುಸೂತ್ರವಾಗಿ ಸಾಗುತ್ತಿರುತ್ತದೆ. ಹಾಗಾಗಿ, ನನಗೆ ಹತ್ತಿರದವರಾರಾದರೂ ನನ್ನದೊಂದು ಸಣ್ಣ ಕೆಲಸವನ್ನು ವಿನಾಕಾರಣ ತಿಂಗಳುಗಟ್ಟಲೆ ಮುಂದೂಡುತ್ತಿದ್ದರೆ, ರೇಗುವ ಮುನ್ನ ನಾನೀಗ ಒಮ್ಮೆ ನನ್ನನ್ನೇ ಪರೀಕ್ಷಿಸಿಕೊಳ್ಳುತ್ತೇನೆ: ನನಗೆ ಕಾಣದಿರುವುದು ಯಾವುದು, ಇವರಿಗೆ ಕಂಡಿರುವುದು ಯಾವುದು ಎಂದು.